ಅಕ್ಕಯ್ಯ, ಗುಬ್ಬಿ

ಅನಂತರಾಮ ಮಾವನ ತಿಥಿಯನ್ನು ನಾನು ಹದಿನಾಲ್ಕು ಸಲ ಮಾಡಿದ್ದೇನೆ. ಅದರಲ್ಲಿ ಹದಿಮೂರು ಸಲ ಮಾವ ಬದುಕಿದ್ದ. ಮೊದಲ ಐದು ಸಲ ಅದು ನಮಗೆ ಗೊತ್ತಿರಲಿಲ್ಲ, ಉಳಿದ ಎಂಟು ಸಲ ಚೆನ್ನಾಗಿ ಗೊತ್ತಿತ್ತು. ನಾನು ತುಮಕೂರಿನಲ್ಲಿ ಹೈಸ್ಕೂಲು ಗಣಿತದ ಮೇಷ್ಟ್ರು, ಈ ಲೆಕ್ಕದಲ್ಲಿ ತಪ್ಪಿಲ್ಲ. ತಪ್ಪಿರುವುದು ಬೇರೆ ಕಡೆ, ಅದನ್ನು ಹೇಳುವುದಕ್ಕೇ ಕೂತಿದ್ದೇನೆ. ಸೋದರಮಾವನನ್ನು ಏಕವಚನದಲ್ಲಿ ಬರೆಯುತ್ತಾನಲ್ಲ ಎಂದು ಯಾರೂ ಮುಖ ಸಿಂಡರಿಸಬೇಡಿ. ಮಾವನಿಗೆ ಬಹುವಚನವೇ ಗೊತ್ತಿರಲಿಲ್ಲ. ಅವನ ಮಾತು ಕೇಳಿದ ಮೇಲೆ ಅವನನ್ನು ಬೇರೆ ರೀತಿ ನೆನೆಯುವುದಕ್ಕೆ ನನಗೂ ಬರುವುದಿಲ್ಲ.

ನನ್ನ ತಾಯಿ ಪದ್ಮಮ್ಮ ಗುಬ್ಬಿಯವಳು. ಅವಳ ತಂದೆ ಚಂದ್ರಶೇಖರಯ್ಯನವರು ಕುಣಿಗಲ್ಲಿನ ಕುದುರೆ ಫಾರಮ್ಮಿನಲ್ಲಿ ಗುಮಾಸ್ತರಾಗಿದ್ದರು. ಒಂದು ಸಲ ಕುದುರೆಗಳನ್ನು ಹಡಗಿನಲ್ಲಿ ಪಿನಾಂಗಿಗೆ ಕಳಿಸುವಾಗ ಕಾಗದಪತ್ರ ನೋಡಿಕೊಳ್ಳಲು ತಾತನನ್ನೂ ಕಳಿಸಿದರು. ಅಲ್ಲಿ ರೇಸಿನವರು ಒಳ್ಳೆಯ ಕೆಲಸ ಕೊಡುತ್ತೇವೆ, ಬಂದುಬಿಡಿ ಅಂದರು. ತಾತ ಗುಬ್ಬಿಗೆ ವಾಪಸು ಬಂದದ್ದು ಹೆಂಡತಿಯನ್ನೂ ಐದು ವರ್ಷದ ಮಗನನ್ನೂ ಕರೆದುಕೊಂಡು ಹೋಗುವುದಕ್ಕೆ. ಅದು ಸಾವಿರದ ಒಂಬೈನೂರ ಇಪ್ಪತ್ತೊಂದನೆಯ ಇಸವಿ. ಅಮ್ಮನಿಗೆ ಆಗ ಹತ್ತು ವರ್ಷ. ಅವಳೂ ಹೋಗಬಹುದಿತ್ತು, ಆದರೆ ಹಿಂದಿನ ವರ್ಷವೇ ಅವಳನ್ನು ತುಮಕೂರಿನ ನಮ್ಮ ಮನೆಗೆ ಧಾರೆ ಎರೆದು ಕೊಟ್ಟಾಗಿತ್ತು. ಸಮುದ್ರ ದಾಟುವವರ ಜೊತೆ ನಮ್ಮ ಸೊಸೆಯನ್ನು ಕಳಿಸುವುದಿಲ್ಲ ಎಂದು ನನ್ನ ತಂದೆಯ ಕಡೆಯವರು ಹೇಳಿಬಿಟ್ಟರು.

ಗುಬ್ಬಿ ಸ್ಟೇಷನ್ನಿನಲ್ಲಿ ಅಮ್ಮ ತಮ್ಮನ ಕೈಗೆ ಒಂದು ಗಿಟುಕು ಕೊಬ್ಬರಿ, ಒಂದು ಅಚ್ಚು ಬೆಲ್ಲ ಕೊಟ್ಟಳಂತೆ. ಅವನು ರೈಲಿನ ಕಿಟಕಿಯಿಂದ, "ಅಕ್ಕಯ್ಯ, ಸಾಯಂಕಾಲ ಬಂದ್ಬಿಡ್ತೀನಿ" ಅಂದನಂತೆ. ಈ ಮಾತನ್ನು ಅಮ್ಮನ ಬಾಯಲ್ಲಿ ಕೇಳಿ ಕೇಳಿ ಚಿಕ್ಕಂದಿನಲ್ಲಿ ನಾನು ರೇಗುತ್ತಿದ್ದೆ. ಯಾವ ಸಾಯಂಕಾಲ ಅಂತ ಕೇಳಿಕೊಳ್ಳಬೇಕಿತ್ತು ನೀನು ಅನ್ನುತ್ತಿದ್ದೆ.

ಅಜ್ಜಿ ಮರುವರ್ಷವೇ ಪಿನಾಂಗಿನಲ್ಲಿ ಜ್ವರ ಬಂದು ತೀರಿಕೊಂಡರು. ತಾತ ಮಗನನ್ನು ಯಾವುದೋ ಇಂಗ್ಲಿಷ್ ಸ್ಕೂಲಿನ ಹಾಸ್ಟೆಲ್ಲಿಗೆ ಸೇರಿಸಿದರು. ವರ್ಷಕ್ಕೆರಡು ಕಾಗದ ತಪ್ಪದೆ ಬರುತ್ತಿತ್ತು. ಗುಬ್ಬಿಯ ಮನೆಯನ್ನು ತಾತ ಅಲ್ಲಿಂದಲೇ ಬರೆದು ತೆಂಗಿನಕಾಯಿ ವ್ಯಾಪಾರದವರಿಗೆ ಮಾರಿಸಿದರು. ನಲವತ್ತೊಂದನೆಯ ಇಸವಿ ನವೆಂಬರಿನಲ್ಲಿ ಬಂದದ್ದೇ ಕೊನೆಯ ಕಾಗದ. ಮುಂದಿನ ತಿಂಗಳು ಜಪಾನಿನವರು ಆ ದೇಶಕ್ಕೆ ನುಗ್ಗಿದರು. ಯುದ್ಧ ಮುಗಿಯಿತು, ನಮಗೆ ಸ್ವಾತಂತ್ರ್ಯ ಬಂತು, ನನ್ನ ತಂದೆ ಹೋದರು. ಪಿನಾಂಗಿನಿಂದ ಒಂದು ಕಾರ್ಡೂ ಬರಲಿಲ್ಲ. ಚಿಕ್ಕಪೇಟೆಯ ನಮ್ಮ ಬೀದಿಗೆ ಪೋಸ್ಟಿನವನು ಬರುವ ಹೊತ್ತಿಗೆ ಅಮ್ಮ ಏನಾದರೊಂದು ನೆಪ ಮಾಡಿಕೊಂಡು ಬಾಗಿಲಿಗೆ ಬರುತ್ತಿದ್ದಳು. ಅವನು ಪಾಪ, ಏನೂ ಇಲ್ಲದ ದಿನವೂ ಅವಳ ಮುಖ ನೋಡಿ ತಲೆಯಾಡಿಸಿ ಹೋಗುತ್ತಿದ್ದ.

ಐವತ್ಮೂರರಲ್ಲಿ ನಮ್ಮ ಮೊದಲ ಮಗು ಹುಟ್ಟುವಾಗಲೇ ಹೋಯಿತು. ನನ್ನ ಹೆಂಡತಿ ಕೌಸಲ್ಯ ಮೂರು ತಿಂಗಳು ಸರಿಯಾಗಿ ಮಾತಾಡಲಿಲ್ಲ. ಪುರೋಹಿತರು ಬಂದು, ಕಾಣೆಯಾದವರಿಗೆ ಹನ್ನೆರಡು ವರ್ಷ ಕಾಯಬೇಕು, ಆಮೇಲೂ ಕರ್ಮ ಮಾಡದೆ ಬಿಟ್ಟರೆ ಅವರು ಅತ್ತಲೂ ಇಲ್ಲ ಇತ್ತಲೂ ಇಲ್ಲ, ಮನೆಯಲ್ಲಿ ಸಂತಾನ ನಿಲ್ಲುವುದಿಲ್ಲ ಎಂದರು. ತಾತನಿಗೂ ಮಾವನಿಗೂ ಮಾಡುವುದಕ್ಕೆ ನಾನೊಬ್ಬನೇ ಇದ್ದವನು.

ಅಮ್ಮ ಹೇಳಿದಳು, "ಇನ್ನೊಂದು ವರ್ಷ ನೋಡೋಣ ಕಣೋ ವೆಂಕಟೇಶ. ಅಪ್ಪ ಇರಲಿಕ್ಕಿಲ್ಲ, ಒಪ್ಕೋತೀನಿ. ಅನಂತು ಚಿಕ್ಕೋನು."

ನನಗೆ ಮೂಗಿನ ತುದಿಯಲ್ಲೇ ಕೋಪ. "ಅವನು ಬರ್ತಾನೆ ಅಂತ ಕಾದೂ ಕಾದೂ ನನ್ನ ಮಗೂನ ಕಳ್ಕೊಂಡಿದ್ದು ಸಾಲದಾ ನಿನಗೆ?" ಅಂದೆ. ಆ ಮಾತನ್ನು ವಾಪಸು ತೆಗೆದುಕೊಳ್ಳುವುದಕ್ಕೆ ನನಗೆ ಇವತ್ತಿನವರೆಗೂ ಆಗಿಲ್ಲ.

ದೇಹ ಸಿಗದವರಿಗೆ ಮುತ್ತುಗದ ಎಲೆ, ದರ್ಭೆಗಳಲ್ಲಿ ಬೊಂಬೆ ಕಟ್ಟಿ ಸುಡುತ್ತಾರೆ. ತಲೆಯ ಜಾಗಕ್ಕೆ ತೆಂಗಿನಕಾಯಿ ಇಡುತ್ತಾರೆ. ಕಾಯಿಗಳನ್ನು ಅಮ್ಮ ತಾನೇ ಆರಿಸಿ ಕೊಟ್ಟಳು. ಒಂದು ದೊಡ್ಡದು, ಇನ್ನೊಂದು ಅದರ ಅರ್ಧದಷ್ಟಿತ್ತು. "ಚಿಕ್ಕದು ಅನಂತೂಗೆ" ಅಂದಳು. ಬದುಕಿದ್ದರೆ ಅವನಿಗೆ ಮೂವತ್ತೇಳು ಆಗಿರುತ್ತಿತ್ತು ಎಂದು ಮನಸ್ಸಿನಲ್ಲೇ ಲೆಕ್ಕ ಹಾಕುತ್ತ ಎರಡು ಕಾಯಿಗಳನ್ನೂ ಎತ್ತಿಕೊಂಡೆ. ಮಾರ್ಗಶಿರದ ಅಮಾವಾಸ್ಯೆಯ ದಿನ ಎರಡು ಬೊಂಬೆಗೂ ನಾನೇ ಬೆಂಕಿ ಇಟ್ಟೆ. ಚಿಕ್ಕ ಕಾಯಿ ಮೊದಲು ಸಿಡಿಯಿತು.

ಮುಂದಿನ ವರ್ಷ ನಮಗೆ ಮಗಳು ಹುಟ್ಟಿದಳು, ಗಟ್ಟಿಮುಟ್ಟಾದ ಮಗು. ಪುರೋಹಿತರು ನೋಡಿದಿರಾ ಎಂದರು. ಇನ್ನು ಯಾರು ಏನು ಹೇಳುವುದಕ್ಕಿತ್ತು? ವರ್ಷ ವರ್ಷ ಆ ಅಮಾವಾಸ್ಯೆಗೆ ತಾತನಿಗೂ ಮಾವನಿಗೂ ಒಟ್ಟಿಗೆ ತಿಥಿ ಮಾಡಿಕೊಂಡು ಬಂದೆ. ಅಮ್ಮ ಪೋಸ್ಟಿನವನನ್ನು ನೋಡಲು ಬಾಗಿಲಿಗೆ ಬರುವುದನ್ನು ನಿಲ್ಲಿಸಿದಳು.

ಐವತ್ತೊಂಬತ್ತರ ಏಪ್ರಿಲ್ ತಿಂಗಳು. ಪರೀಕ್ಷೆಯ ಪೇಪರುಗಳನ್ನು ಹರಡಿಕೊಂಡು ಜಗಲಿಯ ಮೇಲೆ ಕೂತಿದ್ದೆ. ಗುಬ್ಬಿಯಿಂದ ಕರಿಬಸವಯ್ಯನವರು ಬಂದರು. ನಮ್ಮ ತಾತನ ಮನೆ ಕೊಂಡವರ ಮಗ ಅವರು. ಅವರ ಹಿಂದೆ ಬಿಳಿ ಪ್ಯಾಂಟು, ಬಿಳಿ ಷರಟು, ತಲೆಗೆ ಹ್ಯಾಟು ಹಾಕಿಕೊಂಡ ಒಬ್ಬ ಮನುಷ್ಯ ನಿಂತಿದ್ದ. ನಲವತ್ತು ದಾಟಿದ ವಯಸ್ಸು. ಕೈಯಲ್ಲಿ ಬಿಸ್ಕತ್ತಿನ ಡಬ್ಬ.

"ಮೇಷ್ಟ್ರೇ," ಅಂದರು ಕರಿಬಸವಯ್ಯನವರು, "ಇವ್ರು ನಮ್ಮೂರ ಬಸ್ ಸ್ಟ್ಯಾಂಡಲ್ಲಿ ನಿಂತ್ಕೊಂಡು ಅಕ್ಕಯ್ಯ ಎಲ್ಲಿ, ಅಕ್ಕಯ್ಯ ಎಲ್ಲಿ ಅಂತ ಹೋಗೋರು ಬರೋರ್ನೆಲ್ಲ ಕೇಳ್ತಿದ್ರು. ಜನ ನಗ್ತಾ ಇದ್ರು. ಅಪ್ಪನ ಹೆಸ್ರು ಕೇಳ್ದೆ, ಚಂದ್ರಶೇಖರಯ್ಯ ಅಂದ್ರು. ನಿಮ್ಮ ತಾತನೋರ ಹೆಸ್ರಲ್ವಾ ಅಂತ ಬಸ್ ಹತ್ತಿಸ್ಕೊಂಡು ಬಂದೆ."

ನಾನು ಎದ್ದು ನಿಲ್ಲುವಷ್ಟರಲ್ಲಿ ಅಮ್ಮ ಬಾಗಿಲಿಗೆ ಬಂದಿದ್ದಳು. ಆ ಮನುಷ್ಯ ಹ್ಯಾಟು ತೆಗೆದ. ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಅಮ್ಮನ ಬಾಯಿಂದ ಬಂದದ್ದು ಒಂದೇ ಮಾತು. "ಇಷ್ಟು ಹೊತ್ತು ಎಲ್ಲೋ ಹೋಗಿದ್ದೆ?" ಆಡಲು ಹೋದ ಹುಡುಗ ಹೊತ್ತು ಮುಳುಗಿದ ಮೇಲೆ ಬಂದರೆ ಕೇಳುತ್ತಾರಲ್ಲ, ಹಾಗೆ ಕೇಳಿದಳು.

"ಅಕ್ಕಯ್ಯ, ದೂರ ಇತ್ತು" ಅಂದ ಅವನು.

ಅಳು ಬಂದದ್ದು ನನಗೆ. ಆದರೆ ಅದರ ಜೊತೆಗೇ ಹೆದರಿಕೆಯೂ ಬಂತು, ಅದನ್ನು ಮುಚ್ಚಿಡುವುದಿಲ್ಲ. ಒಳಗೆ ಕೌಸಲ್ಯ ಆರು ತಿಂಗಳ ಬಸುರಿ. ಹೊಸ್ತಿಲ ಮುಂದೆ ನಿಂತಿರುವುದು ನಾನೇ ಸುಟ್ಟು, ಹತ್ತು ದಿನ ಪಿಂಡ ಹಾಕಿ, ಐದು ತಿಥಿ ಮಾಡಿದ ಮನುಷ್ಯ. ಕರ್ಮ ಆದವನು ಹೊಸ್ತಿಲು ದಾಟಿ ಒಳಗೆ ಬರಬಾರದು ಎಂದು ಚಿಕ್ಕಂದಿನಿಂದ ಕೇಳಿದ್ದೆ. ಅವನು ಒಳಗೆ ಬರಲು ಒಂದು ಕಾಲು ಎತ್ತಿದ. ನಾನು ಬಾಗಿಲಿಗೆ ಅಡ್ಡ ಕೈ ಇಟ್ಟೆ.

"ಮಾವ, ಸ್ವಲ್ಪ ತಡೀರಿ" ಅಂದೆ.

ಅವನಿಗೆ ಅರ್ಥವಾಗಲಿಲ್ಲ. ನಾನು ಇಂಗ್ಲಿಷಿನಲ್ಲಿ ಹೇಳಿದೆ, ನಿಮ್ಮ ಕಾಗದ ಹನ್ನೆರಡು ವರ್ಷ ಬರಲಿಲ್ಲ, ನಿಮ್ಮ ಉತ್ತರಕ್ರಿಯೆ ಮಾಡಿಬಿಟ್ಟಿದ್ದೇವೆ, ಶಾಸ್ತ್ರ ಕೇಳದೆ ಒಳಗೆ ಕರೆಯುವ ಹಾಗಿಲ್ಲ. ಅವನು ಎತ್ತಿದ ಕಾಲನ್ನು ಇಳಿಸಿದ. ನನ್ನನ್ನು ಬಿಟ್ಟು ಅಮ್ಮನ ಕಡೆ ತಿರುಗಿ ಕೇಳಿದ.

"ಅಕ್ಕಯ್ಯ, ನಾನು ಸತ್ತೋಗಿದೀನಾ?"

"ಇಲ್ಲ ಕಣೋ" ಅಂದಳು ಅಮ್ಮ. ಅಂದು ನನ್ನ ಮುಖ ನೋಡಿದಳು. ಗಂಡ ಸತ್ತವಳು, ಮಗನ ಮನೆಯಲ್ಲಿರುವವಳು, ಇದಕ್ಕಿಂತ ಹೆಚ್ಚು ಏನು ಮಾಡುತ್ತಾಳೆ? ನಾನು ಕೈ ತೆಗೆಯಲಿಲ್ಲ. ಕರಿಬಸವಯ್ಯನವರು ಬೀದಿಯ ಕಡೆ ಮುಖ ಮಾಡಿಕೊಂಡರು.

ಆ ದಿನ ಮಾವನಿಗೆ ಜಗಲಿಯ ಮೇಲೆ ಎಲೆ ಹಾಕಿದೆವು. ಮಾವ ಅನ್ನವನ್ನು ಗುಡ್ಡೆ ಮಾಡಿ, ನಡುವೆ ಬೆರಳಿನಿಂದ ಗುಂಡಿ ತೋಡಿ, ಎಲೆಯ ಮುಂದೆ ಸುಮ್ಮನೆ ಕೂತ. ಅಮ್ಮ ಒಳಗಿನಿಂದ ಸಾರಿನ ಪಾತ್ರೆ ಹಿಡಿದು ಬಂದು ಆ ಗುಂಡಿಗೇ ಸಾರು ಹುಯ್ದಳು. "ಬಾವಿ ತೋಡಿದಾನೆ ನೋಡು. ನಮ್ಮಮ್ಮ ಹಿಂಗೇ ಹುಯ್ತಿದ್ಳು" ಅಂದಳು ನನಗೆ. ಅಲ್ಲಿಯವರೆಗೆ ತಡೆದುಕೊಂಡಿದ್ದಳು, ಆಮೇಲೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು.

ಮಾವನ ಕನ್ನಡ ಐದು ವರ್ಷದ ಹುಡುಗನ ಕನ್ನಡ. ತಾಯಿ ಸತ್ತ ಮೇಲೆ ಅದು ಅಲ್ಲಿಗೇ ನಿಂತುಹೋಗಿತ್ತು. ಊಟಕ್ಕೆ ಬುವ್ವ ಅನ್ನುತ್ತಿದ್ದ. ನಮ್ಮ ಎದುರುಮನೆಯ ಎಂಬತ್ತು ವರ್ಷದ ವಕೀಲರನ್ನು, "ನೀನು ಯಾರ ತಾತ?" ಎಂದು ಕೇಳಿ ಬೀದಿಯವರನ್ನೆಲ್ಲ ನಗಿಸಿದ. ಕಷ್ಟದ ವಿಷಯ ಬಂದರೆ ನನ್ನ ಹತ್ತಿರ ಇಂಗ್ಲಿಷಿಗೆ ಹೊರಳುತ್ತಿದ್ದ. ಅಮ್ಮನ ಜೊತೆ ಮಾತ್ರ ಇದ್ದಷ್ಟು ಕನ್ನಡದಲ್ಲೇ ಎಲ್ಲವನ್ನೂ ಹೇಳುತ್ತಿದ್ದ. ಅಪ್ಪ ನಲವತ್ಮೂರರಲ್ಲಿ ಸತ್ತ, ಮನೆ ಸುಟ್ಟೋಯ್ತು, ಅಪ್ಪನ ಪೆಟ್ಟಿಗೆ ಸುಟ್ಟೋಯ್ತು, ನಿನ್ನ ಅಡ್ರೆಸ್ಸು ಪೆಟ್ಟಿಗೇಲಿತ್ತು.

"ಕಾಗದ ಹಾಕಿದ್ದೆ ಅಕ್ಕಯ್ಯ. ತುಂಬ ಹಾಕಿದ್ದೆ" ಅಂದ. ಜೇಬಿನಿಂದ ಒಂದು ಕಟ್ಟು ತೆಗೆದು ತೋರಿಸಿದ. ವಾಪಸು ಹೋದ ಕವರುಗಳು. ಮೇಲೆ ಇಂಗ್ಲಿಷಿನಲ್ಲಿ ಅಂದವಾದ ಅಕ್ಷರ. ಅಕ್ಕಯ್ಯ, ಗುಬ್ಬಿ, ಮೈಸೂರು ರಾಜ್ಯ. ಅಷ್ಟೆ. ಮೇಷ್ಟ್ರ ಬುದ್ಧಿ, ನಾನು ಸುಮ್ಮನಿರಲಾರದೆ, ಹೆಸರು ಬರೆಯಬೇಕಿತ್ತಲ್ಲ ಮಾವ ಅಂದೆ.

"ಅದೇ ಹೆಸ್ರು" ಅಂದ. ಆಮೇಲೆ ಅನುಮಾನದಿಂದ, "ಅಕ್ಕಯ್ಯಂಗೆ ಬೇರೆ ಹೆಸ್ರು ಇದೆಯಾ?" ಎಂದು ಕೇಳಿದ.

ಐದು ವರ್ಷದ ಮಗುವಿಗೆ ಅಕ್ಕನ ಹೆಸರು ಗೊತ್ತಿರುತ್ತದೆಯೇ? ತಾತನೂ ಮಗನ ಹತ್ತಿರ ನಿಮ್ಮಕ್ಕಯ್ಯ ಎಂದೇ ಹೇಳಿರಬೇಕು. ಇಡೀ ಗುಬ್ಬಿ ಊರಿಗೆಲ್ಲ ತನ್ನ ಅಕ್ಕ ಒಬ್ಬಳೇ ಅಕ್ಕಯ್ಯ ಎಂದು ನಂಬಿಕೊಂಡು ಯುದ್ಧ ಮುಗಿದಾಗಿನಿಂದ ಅವನು ಕಾಗದ ಬರೆದಿದ್ದ. ಅದೇ ವರ್ಷಗಳಲ್ಲಿ ತುಮಕೂರಿನಲ್ಲಿ ನಾವು ಕಾದಿದ್ದೆವು, ಆಮೇಲೆ ಅವನನ್ನು ಸುಟ್ಟಿದ್ದೆವು.

ಒಂದು ಫೋಟೋವನ್ನೂ ತೋರಿಸಿದ. ಅವನ ಹೆಂಡತಿ ಚೀನಿಯರವಳು. ಯುದ್ಧದ ಕಾಲದಲ್ಲಿ ಅವಳ ಮನೆಯವರು ಇವನನ್ನು ಬಚ್ಚಿಟ್ಟು ಉಳಿಸಿದ್ದರಂತೆ. ಮುಂದೆ ಎರಡು ಹೆಣ್ಣುಮಕ್ಕಳು, ಜಡೆ ಹಾಕಿಕೊಂಡು ನಿಂತಿದ್ದವು. ಅಮ್ಮ ಫೋಟೋದ ಮೇಲೆ ಬೆರಳಾಡಿಸುತ್ತ, ದೊಡ್ಡವಳ ಹೆಸರೇನೋ ಅಂದಳು.

"ಅಕ್ಕಯ್ಯ" ಅಂದ ಮಾವ.

ಅವನು ಬಂದದ್ದು ಬರೀ ನೋಡಿಕೊಂಡು ಹೋಗುವುದಕ್ಕಲ್ಲ. ಹೆಂಡತಿ ಮಕ್ಕಳನ್ನು ಕರೆತಂದು ಗುಬ್ಬಿಯಲ್ಲೇ ಇದ್ದುಬಿಡಬೇಕೆಂದು ಅವನ ಆಸೆ. ಅಲ್ಲಿ ಕೆಲಸ, ಮನೆ, ಮರ್ಯಾದೆ ಎಲ್ಲ ಇದೆ, ಆದರೆ ಮೂವತ್ತೆಂಟು ವರ್ಷದಿಂದ ನಾನು ಪ್ರಯಾಣದಲ್ಲಿದ್ದೇನೆ ಅನ್ನಿಸುತ್ತದೆ ಎಂದು ನನಗೆ ಇಂಗ್ಲಿಷಿನಲ್ಲಿ ಹೇಳಿದ. ಅದಕ್ಕೆ ನಾನು, ಮೊದಲು ಶಾಸ್ತ್ರ ತಿಳಿದುಕೊಳ್ಳೋಣ, ನಮ್ಮವರು ಒಪ್ಪಬೇಕಲ್ಲ ಅಂದೆ. ನಮ್ಮವರು ಅಂದದ್ದು ಯಾರನ್ನು ಎಂದು ಅವನು ಕೇಳಲಿಲ್ಲ.

ಅಲ್ಲಿಯವರೆಗೆ ಅವನು ಇರುವುದೆಲ್ಲಿ? ಕರಿಬಸವಯ್ಯನವರು, "ಅವ್ರು ಹುಟ್ಟಿದ ಮನೇಲಿ ನಾನಿದೀನಲ್ಲ ಮೇಷ್ಟ್ರೇ, ಅಲ್ಲೇ ಇರ್ಲಿ ಬುಡಿ" ಅಂದರು. ಮಾವ ಗುಬ್ಬಿಗೆ ಹೋದ. ದಿನಾ ಬೆಳಗಿನ ಬಸ್ಸಿಗೆ ತುಮಕೂರಿಗೆ ಬಂದು ಜಗಲಿಯ ಮೇಲೆ ಅಕ್ಕನ ಜೊತೆ ಕೂತು, ಸಂಜೆ ಬಸ್ಸಿಗೆ ವಾಪಸಾಗುತ್ತಿದ್ದ. ಅಮ್ಮ ಅಡುಗೆಮನೆ ಬಿಟ್ಟು ಜಗಲಿಗೆ ಬಂದುಬಿಟ್ಟಳು. ಅಕ್ಕಿ ಆರಿಸುವುದು, ಬತ್ತಿ ಹೊಸೆಯುವುದು ಎಲ್ಲ ಅಲ್ಲೇ.

ಒಂದು ದಿನ ನಾನೂ ಗುಬ್ಬಿಗೆ ಹೋದೆ. ಕರಿಬಸವಯ್ಯನವರ ಮನೆಯವರು ಮಾವನನ್ನು ನಡುಮನೆಯಲ್ಲಿ ಕೂರಿಸಿ ಮುದ್ದೆ, ಉಪ್ಪೆಸರು ಬಡಿಸುತ್ತಿದ್ದರು. ನಾನು ಮಡಿಯವನು, ಹೊಸ್ತಿಲಾಚೆ ನಿಂತು ಮಜ್ಜಿಗೆಯನ್ನೂ ಬೇಡ ಅಂದೆ. ಅವನು ಹುಟ್ಟಿದ ಮನೆಗೆ ಅವನನ್ನು ಕರೆದುಕೊಂಡವರು ಪರರು. ಅಕ್ಕನ ಮಗನಾದ ನಾನು ಎರಡು ಕಡೆಯೂ ಹೊಸ್ತಿಲು ಕಾಯುವವನಾದೆ. ಅವತ್ತು ಹಾಗೆ ಅನ್ನಿಸಲಿಲ್ಲ, ಈಗ ಅನ್ನಿಸುತ್ತದೆ.

ಸಂಜೆ ಮಾವ ನನ್ನನ್ನು ಗುಬ್ಬಿ ಕೆರೆಯ ಏರಿಯ ಮೇಲೆ ಕರೆದುಕೊಂಡು ಹೋದ. ಬೇಸಿಗೆ, ನೀರು ಅರ್ಧಕ್ಕೆ ಇಳಿದಿತ್ತು. ಗುಬ್ಬಿ ಕೆರೆ ನಿಮ್ಮ ಸಮುದ್ರಕ್ಕಿಂತ ದೊಡ್ಡದು ಎಂದು ಹೆಂಡತಿ ಮಕ್ಕಳಿಗೆ ಹೇಳಿಕೊಂಡು ಬಂದಿದ್ದನಂತೆ. ಬಹಳ ಹೊತ್ತು ನೋಡಿದ.

"ದೊಡ್ಡದೇ" ಅಂದ. "ನೀರು ಈಗ ಕಮ್ಮಿ ಇದೆ. ಅಷ್ಟೆ."

ತುಮಕೂರಿನ ಪುರೋಹಿತರಿಗೆ ಇಂಥ ಕೇಸು ಗೊತ್ತಿರಲಿಲ್ಲ. ಕುಣಿಗಲ್ ತಾಲ್ಲೂಕಿನ ಅಮೃತೂರಿನಲ್ಲಿ ಲಕ್ಷ್ಮೀನರಸಿಂಹಯ್ಯನವರೆಂದು ಒಬ್ಬರು ವೃದ್ಧ ವಿದ್ವಾಂಸರಿದ್ದಾರೆ, ಅವರನ್ನು ಕೇಳಿ ಅಂದರು. ಇಬ್ಬರೂ ಹೊರಟೆವು. ಕುಣಿಗಲ್ಲಿನಲ್ಲಿ ಬಸ್ಸು ನಿಂತಾಗ ಫಾರಮ್ಮಿನ ಕುದುರೆಗಳನ್ನು ಸಾಲಾಗಿ ನಡೆಸಿಕೊಂಡು ಹೋಗುತ್ತಿದ್ದರು. ಮಾವ ಕಿಟಕಿಯಿಂದ ತಲೆ ಹೊರಗೆ ಹಾಕಿ, "ಇವು ಹೋಗದೇ ಇದ್ದಿದ್ರೆ ನಾನೂ ಹೋಗ್ತಿರ್ಲಿಲ್ಲ" ಅಂದ. ಬೈಯುವ ದನಿಯಲ್ಲಿ ಹೇಳಲಿಲ್ಲ, ಇದ್ದದ್ದನ್ನು ಹೇಳಿದ.

ಲಕ್ಷ್ಮೀನರಸಿಂಹಯ್ಯನವರು ಒಳ್ಳೆಯವರು. ತೋಟದ ಮನೆಯ ಮುಂದೆ ಚಾಪೆ ಹಾಸಿ ಕೂರಿಸಿ ಪೂರ್ತಿ ಕಥೆ ಕೇಳಿದರು. ಕೇಳಿ, "ದಾರಿ ಇದೆ" ಅಂದರು. ಕರ್ಮ ಆದವನು ಬದುಕಿ ಬಂದರೆ ಅವನು ಮತ್ತೆ ಹುಟ್ಟಬೇಕು. ತುಪ್ಪದ ಕೊಪ್ಪರಿಗೆಯಲ್ಲಿ ಅವನನ್ನು ಇಳಿಸುತ್ತಾರೆ. ಕೂಸಿನ ಹಾಗೆ ಮುಷ್ಟಿ ಬಿಗಿಹಿಡಿದು, ಮಾತಾಡದೆ ಇರಬೇಕು. ಆಮೇಲೆ ಹೊರತೆಗೆದು ಸ್ನಾನ ಮಾಡಿಸಿ ಜಾತಕರ್ಮ, ನಾಮಕರಣ, ಚೌಲ, ಮುಂಜಿ ಎಲ್ಲವನ್ನೂ ಹೊಸದಾಗಿ ಮಾಡುತ್ತಾರೆ. ಅಲ್ಲಿಗೆ ಅವನು ಎಲ್ಲರ ಹಾಗೆ ಮನೆಯೊಳಗೆ ಬರಬಹುದು.

ನಾನು ಇಂಗ್ಲಿಷಿನಲ್ಲಿ ಅನುವಾದ ಮಾಡುತ್ತ ಹೋದಂತೆ ಮಾವನ ಮುಖ ಅರಳಿತು. ಅಂಥ ಸಂತೋಷವನ್ನು ನಾನು ದೊಡ್ಡವರ ಮುಖದಲ್ಲಿ ನೋಡಿಲ್ಲ. "ಗುಬ್ಬೀಲಿ ಮಾಡ್ತೀಯಾ? ಗುಬ್ಬೀಲಿ ಹುಟ್ತೀನಿ ನಾನು" ಎಂದು ಲಕ್ಷ್ಮೀನರಸಿಂಹಯ್ಯನವರನ್ನೇ ಏಕವಚನದಲ್ಲಿ ಕೇಳಿದ. ಆ ವೃದ್ಧರು ನಕ್ಕು, "ಎಲ್ಲಿ ಹೇಳ್ತೀಯೋ ಅಲ್ಲಿ ಮಾಡೋಣ ಮಗು" ಅಂದರು.

ಆಮೇಲೆ ಸಂಸಾರ ಇದೆಯೇ ಎಂದು ಕೇಳಿದರು. ಮಾವ ಫೋಟೋ ತೆಗೆದು ಕೊಟ್ಟ. ಅವರು ಕನ್ನಡಕ ಹಾಕಿಕೊಂಡು ನೋಡಿದರು, ಕನ್ನಡಕ ತೆಗೆದು ಮತ್ತೆ ನೋಡಿದರು.

"ಹೊಸದಾಗಿ ಹುಟ್ಟಿದೋನಿಗೆ ಹೆಂಡ್ತಿ ಮಕ್ಕಳು ಇರಲ್ಲ" ಎಂದು ನನಗೆ ಮೆಲ್ಲಗೆ ಹೇಳಿದರು. "ಇದ್ದ ಹೆಂಡ್ತೀನೇ ಮತ್ತೆ ಮದುವೆ ಮಾಡ್ಕೋಬೇಕು ಅಂತ ಶಾಸ್ತ್ರ. ಈ ತಾಯೀನ ನಾನು ಯಾವ ಮಂತ್ರ ಹೇಳಿ ಮದುವೆ ಮಾಡಿಸ್ಲಿ? ನನಗೆ ಗೊತ್ತಿಲ್ಲಪ್ಪ. ಅವರನ್ನ ಬಿಟ್ಟು ಒಬ್ಬನೇ ಬರ್ತಾನೆ ಅಂದ್ರೆ ನಾಳೇನೇ ಮಾಡಿಸ್ತೀನಿ. ಅವರ ಸಮೇತ ಅಂದ್ರೆ ನನ್ನ ಕೈಲಿ ಆಗಲ್ಲ. ಸುಳ್ಳು ಹೇಳಲಾರೆ."

ನಾನು ಅದನ್ನೂ ಮಾವನಿಗೆ ಇಂಗ್ಲಿಷಿನಲ್ಲಿ ಹೇಳಿದೆ. ಮಾವ ಫೋಟೋ ವಾಪಸು ತೆಗೆದುಕೊಂಡು ಅದನ್ನೇ ನೋಡುತ್ತ ಕೂತ. ನಾನು, ದುಡುಕಬೇಡಿ ಮಾವ, ಮೊದಲು ನೀವೊಬ್ಬರು ಒಳಗೆ ಬನ್ನಿ, ಅವರ ವಿಷಯ ಆಮೇಲೆ ನೋಡಿಕೊಳ್ಳೋಣ ಎಂದೆ. ಅಮ್ಮನಿಗೋಸ್ಕರ ಎಂದೂ ಸೇರಿಸಿದೆ. ಅವನು ಇಂಗ್ಲಿಷಿನಲ್ಲಿ ಉತ್ತರ ಕೊಡಲಿಲ್ಲ.

"ನಾನು ಹೊಸದಾಗಿ ಹುಟ್ಟಿದ್ರೆ ನಮ್ಮ ಅಕ್ಕಯ್ಯಂಗೆ ಅಪ್ಪ ಯಾರು?" ಎಂದು ಕೇಳಿದ. ಮಗಳ ವಿಷಯ ಅದು. ಲಕ್ಷ್ಮೀನರಸಿಂಹಯ್ಯನವರು ಎದ್ದು ಒಳಗೆ ಹೋಗಿ ಎರಡು ಎಳನೀರು ತರಿಸಿದರು.

ಮಾರನೆಯ ದಿನ ಮಾವ ಜಗಲಿಯ ಮೇಲೆ ಕೂತು ಎಲ್ಲವನ್ನೂ ಅಮ್ಮನಿಗೆ ತಾನೇ ಹೇಳಿದ. ಇದ್ದ ನೂರಿನ್ನೂರು ಮಾತಿನಲ್ಲೇ ಹೇಳಿದ. ಅಮ್ಮ ಕೊನೆಯವರೆಗೂ ಕೇಳಿ, "ಮಕ್ಕಳನ್ನ ಬಿಟ್ಟು ಬರೋದು ಬೇಡ ಕಣೋ" ಅಂದಳು. "ಬಿಟ್ಟು ಹೋದ್ರೆ ಹೆಂಗಿರುತ್ತೆ ಅಂತ ನಂಗೆ ಗೊತ್ತು."

ನನಗೆ ಪಾಪಪ್ರಜ್ಞೆ ತಡೆಯಲಾಗಲಿಲ್ಲ. ಇನ್ನು ಮೇಲೆ ನಿಮ್ಮ ತಿಥಿ ನಿಲ್ಲಿಸಿಬಿಡುತ್ತೇನೆ ಮಾವ ಎಂದೆ. ಶಾಸ್ತ್ರದ ಪ್ರಕಾರ ಹಾಗೂ ಮಾಡುವಂತಿಲ್ಲ, ಮತ್ತೆ ಹುಟ್ಟದವನು ಸತ್ತವನೇ, ಆದರೂ ಹೇಳಿದೆ. ಮಾವ ನನ್ನ ಕೈ ಹಿಡಿದುಕೊಂಡ.

"ತಿಥೀಲಿ ಏನು ಮಾಡ್ತೀಯಾ?"

"ಅಡುಗೆ ಮಾಡಿ, ನಿಮ್ಮ ಹೆಸರು ಹೇಳಿ ಎಲೆ ಹಾಕಿ ಬಡಿಸ್ತೀವಿ."

"ಎಲ್ಲಿ? ಇಲ್ಲಾ?"

"ಒಳಗೆ, ನಡುಮನೆಯಲ್ಲಿ."

"ಹಂಗಾದ್ರೆ ಮಾಡು" ಅಂದ. "ನಿಲ್ಲಿಸ್ಬೇಡ. ವರ್ಷಕ್ಕೊಂದು ದಿನ ಒಳಗೆ ಬುವ್ವ ಹಾಕ್ತೀಯಲ್ಲ."

ಹೊರಡುವ ದಿನ ಅಮ್ಮ ಜಗಲಿ ಇಳಿದು ಬೀದಿಗೆ ಬಂದಳು. ಅವನ ಕೈಗೆ ಒಂದು ಗಿಟುಕು ಕೊಬ್ಬರಿ, ಒಂದು ಅಚ್ಚು ಬೆಲ್ಲ ಕೊಟ್ಟಳು. ಹೋದ ಸಲ ಅರ್ಧ ಉಳಿಸಿಕೊಂಡಿದ್ದೆ, ಹಡಗಿನಲ್ಲಿ ಇಲಿ ತಿಂದುಬಿಟ್ಟಿತು, ಈ ಸಲ ಪೂರ್ತಿ ತಿನ್ನುತ್ತೇನೆ ಎಂದು ಅವನು ಹೇಳಿದ. ಸಾಯಂಕಾಲ ಬರುತ್ತೇನೆ ಅನ್ನಲಿಲ್ಲ. ಬರುತ್ತೇನೆ ಅಂತಲೂ ಅನ್ನಲಿಲ್ಲ. ಮೂರು ತಿಂಗಳಿಗೆ ಕೌಸಲ್ಯ ಗಂಡು ಮಗು ಹೆತ್ತಳು, ತಾಯಿ ಮಗು ಇಬ್ಬರೂ ಕ್ಷೇಮವಾಗಿದ್ದರು. ಹಾಗಾಗಿ ನನ್ನನ್ನು ಯಾರೂ ಏನೂ ಅನ್ನಲಿಲ್ಲ. ಅಂದಿದ್ದರೆ ಚೆನ್ನಾಗಿತ್ತು.

ಅಲ್ಲಿಂದ ಮುಂದೆ ಪ್ರತಿ ವರ್ಷ ಮಾರ್ಗಶಿರ ಹತ್ತಿರ ಬಂದಾಗ ಪಿನಾಂಗಿನಿಂದ ಕಾಗದ ಬರುತ್ತಿತ್ತು. ಅಡ್ರೆಸ್ಸಿನಲ್ಲಿ ಮೊದಲು ಅಕ್ಕಯ್ಯ, ಕೆಳಗೆ ನನ್ನ ಹೆಸರು. ಸತ್ತವರಿಗೆ ಇಷ್ಟವಾದದ್ದನ್ನು ತಿಥಿಯ ದಿನ ಬಡಿಸುವುದು ಪದ್ಧತಿ ಎಂದು ನಾನು ಬರೆದಿದ್ದೆ. ಅದಕ್ಕೆ ಮಾವ ತನಗೆ ಏನು ಬೇಕೆಂದು ತಾನೇ ಬರೆಯುತ್ತಿದ್ದ. ಒಂದು ವರ್ಷ ಕಾಯಿಕಡುಬು. ಒಂದು ವರ್ಷ ಕಜ್ಜಾಯ. ಇನ್ನೊಂದು ವರ್ಷ, ಕಪ್ಪಗೆ ಉಂಡೆಯಾಗಿ ಇರುತ್ತದೆ, ಹೆಸರು ಮರೆತಿದೆ, ಅಮ್ಮ ಕೊಡುತ್ತಿದ್ದಳು ಎಂದು ಬರೆದಿದ್ದ. ಎಳ್ಳುಂಡೆ ಎಂದು ಅಮ್ಮನಿಗೆ ಥಟ್ಟನೆ ಗೊತ್ತಾಯಿತು. ನಾನು ಇಂಗ್ಲಿಷ್ ಕಾಗದವನ್ನು ಕನ್ನಡದಲ್ಲಿ ಓದಿ ಹೇಳುತ್ತಿದ್ದೆ, ಅಮ್ಮ ಅವತ್ತಿನಿಂದಲೇ ಸಾಮಾನು ಹೊಂದಿಸಲು ಶುರು ಮಾಡುತ್ತಿದ್ದಳು. ತಿಥಿಯ ಅಡುಗೆಯನ್ನು ಯಾರಾದರೂ ಅಷ್ಟು ಸಡಗರದಿಂದ ಮಾಡಿದ್ದನ್ನು ನಾನು ಕಂಡಿಲ್ಲ. ಬದುಕಿರುವ ತಮ್ಮನ ಎಲೆಗೆ ಎಳ್ಳುನೀರು ಬಿಡುವಾಗ ಮಾತ್ರ ಅವಳು ಹಿತ್ತಲಿಗೆ ಹೋಗುತ್ತಿದ್ದಳು.

ಹೋದ ವರ್ಷ, ಅರವತ್ತೇಳರಲ್ಲಿ, ಕಾಗದ ಬಂದಾಗ ಅಕ್ಷರ ಬೇರೆ ಇತ್ತು. ನಾನು ಒಬ್ಬನೇ ಓದಿಕೊಂಡೆ. ಅಪ್ಪ ಸೆಪ್ಟೆಂಬರಿನಲ್ಲಿ ತೀರಿಕೊಂಡರು ಎಂದಿತ್ತು. ಯಾವ ದಿನ ಎಂದು ನಿಮಗೆ ತಿಳಿಸುವುದು ಬೇಡ ಎಂದು ಅಪ್ಪ ಹೇಳಿದ್ದರು, ನಿಮ್ಮ ಮನೆಯಲ್ಲಿ ತಮಗೆ ಆಗಲೇ ಒಂದು ದಿನ ಇದೆಯಂತೆ, ಅದನ್ನು ಬದಲಾಯಿಸಬಾರದಂತೆ. ಈ ವರ್ಷ ಏನು ಬೇಕೆಂದು ಅವರು ಹೇಳಲಿಲ್ಲ, ನಿಮಗೆ ತೋಚಿದ್ದನ್ನು ಮಾಡಿ. ಅಷ್ಟೇ ಕಾಗದ.

ಅಮ್ಮ ಬಾಗಿಲಲ್ಲಿ ನಿಂತು, "ಯಾರದೋ ಕಾಗದ?" ಅಂದಳು.

ಕೆಳಗೆ ಬರೆದಿದ್ದ ಹೆಸರನ್ನೇ ಓದಿದೆ. "ಅಕ್ಕಯ್ಯಂದು" ಅಂದೆ.

ಅವಳು ನನ್ನ ಮುಖ ನೋಡಿದಳು. ಒಳಗೆ ಹೋಗಿ ತಲೆಗೆ ನೀರು ಹಾಕಿಕೊಂಡು ಬಂದಳು.

ಆ ಅಮಾವಾಸ್ಯೆಗೆ ತೋಚಿದ್ದು ಏನಿದೆ, ಎಂಟು ವರ್ಷದಲ್ಲಿ ಅವನು ಕೇಳಿದ್ದನ್ನೆಲ್ಲ ಮಾಡಿದಳು. ನಾನು ನಡುಮನೆಯಲ್ಲಿ ಎಲೆ ಹಾಕಿದೆ. ಅಮ್ಮ ಇನ್ನೊಂದು ಎಲೆ ತೆಗೆದುಕೊಂಡು ಬಂದು ನನ್ನ ಕೈಗೆ ಕೊಟ್ಟಳು.

"ಇದನ್ನ ಜಗಲಿ ಮೇಲೆ ಹಾಕು."

"ಯಾಕಮ್ಮ? ಒಳಗೆ ಹಾಕಿದೀನಲ್ಲ."

"ಇಷ್ಟು ವರ್ಷ ಒಳಗೆ ಹಾಕಿದ್ವಿ, ಅವನು ಬದುಕಿದ್ದ, ಬರೋ ಹಂಗಿರ್ಲಿಲ್ಲ. ಈಗ ಬರ್ತಾನೆ. ಅವನಿಗೆ ಈ ಮನೆ ಒಳಗೆ ದಾರಿ ಗೊತ್ತಿಲ್ಲ ಕಣೋ" ಅಂದಳು.

ನಾನು ಮಾಡಿದ್ದಕ್ಕೆ ಹದಿನಾಲ್ಕು ವರ್ಷದಲ್ಲಿ ಅವಳು ನನಗೆ ಆಡಿದ ಮಾತು ಅದೊಂದೇ. ಅದನ್ನೂ ಬೈಗುಳವಾಗಿ ಆಡಲಿಲ್ಲ. ನಾನು ಎಲೆ ಹಿಡಿದುಕೊಂಡು ಹೊಸ್ತಿಲು ದಾಟಿ ಹೋಗಿ, ಅವನು ಕೂರುತ್ತಿದ್ದ ಜಾಗದಲ್ಲಿ ನೀರು ಚಿಮುಕಿಸಿ ಹಾಕಿದೆ. ಅನ್ನ ಬಡಿಸಿ ಗುಡ್ಡೆ ಮಾಡಿ, ನಡುವೆ ಬೆರಳಿನಿಂದ ಬಾವಿ ತೋಡಿ, ಸಾರು ಹುಯ್ದೆ.